ಆರು ಮೀಟರ್ ಎಂದು ಬರೆದವನು

ಲಕೋಟೆ ಒಡೆದವರು ಸುಬೇದಾರ್ ಸಾಹೇಬರು. ಓದಿ, ಕನ್ನಡಕವನ್ನು ಹಣೆಗೇರಿಸಿ, ಕಾಗದಗಳನ್ನು ನನ್ನ ಕಡೆ ಸರಿಸಿದರು. “ನಿನ್ನ ಬ್ಯಾಡಗಿ ದೋಸ್ತಂದು ವಾಪಸ್ ಬಂತು ನೋಡಪಾ,” ಎಂದರು.

ಹಾವೇರಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಮ್ಮ ಮಾಜಿ ಸೈನಿಕರ ಸಂಘಕ್ಕೆ ಒಂದು ಖೋಲಿ ಇದೆ. ಸುಬೇದಾರ್ ಸಾಹೇಬರು ಅದರ ಅಧ್ಯಕ್ಷರು. ನಾನು ಸೈನ್ಯದ ವೈದ್ಯಕೀಯ ದಳದಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವನು. ನಿವೃತ್ತನಾದ ಮೇಲೆ ಮಂಗಳವಾರ, ಶುಕ್ರವಾರ ಅಲ್ಲಿ ಕುಳಿತು ಅಂಗವೈಕಲ್ಯ ಪಿಂಚಣಿ ಕೇಳುವವರ ಅರ್ಜಿ ತುಂಬಿಕೊಡುತ್ತಿದ್ದೆ. ಮೊಣಕಾಲು, ಬೆನ್ನು, ಸಕ್ಕರೆ ಕಾಯಿಲೆ, ಕಿವಿ, ಎಲ್ಲದಕ್ಕೂ ಬೇರೆ ಬೇರೆ ನಮೂನೆ. ಡಾಕ್ಟರರ ಭಾಷೆಯೂ ನನಗೆ ಬರುತ್ತಿತ್ತು, ದಫ್ತರದ ಭಾಷೆಯೂ ಬರುತ್ತಿತ್ತು. ಹಾಗಾಗಿ ಗುತ್ತಲ, ಹಲಗೇರಿಯಿಂದಲೂ ಜನ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು, ನನಗೂ ಅದರ ಬಗ್ಗೆ ಒಂದಿಷ್ಟು ಜಂಬ ಇತ್ತು.

ವಾಪಸ್ಸು ಬಂದ ಅರ್ಜಿ ನನ್ನ ಗೆಳೆಯನದು. ತೋಪಖಾನೆಯಲ್ಲಿ ಹವಾಲ್ದಾರನಾಗಿ ನಿವೃತ್ತನಾದವನು, ಈಗ ಊರಲ್ಲೂ ಎಲ್ಲರೂ ಹವಾಲ್ದಾರ ಎಂದೇ ಕರೆಯುತ್ತಾರೆ. ಅವನ ರೆಜಿಮೆಂಟಿನಲ್ಲಿ ನಾನು ನಾಲ್ಕು ವರ್ಷ ಇದ್ದೆ. ನಿವೃತ್ತನಾದ ಮೇಲೆ ಅವನು ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜೊಂದರ ಗೇಟಿನಲ್ಲಿ ಕಾವಲಿಗಿದ್ದ. ಹಿಂದಿನ ಸುಗ್ಗಿಯಲ್ಲಿ ಒಂದು ಲಾರಿ ಹಾರ್ನ್ ಹೊಡೆಯುತ್ತಲೇ ಹಿಂದಕ್ಕೆ ಬಂತು. ಇವನು ಬೆನ್ನು ತಿರುಗಿಸಿ ನಿಂತೇ ಇದ್ದ. ಹಮಾಲರು ಅಂಗಿ ಹಿಡಿದು ಎಳೆದಿದ್ದಕ್ಕೆ ಜೀವ ಉಳಿಯಿತು, ಮರುದಿನವೇ ಗೇಟಿನ ಕೆಲಸ ಹೋಯಿತು.

“ಊರಾಗ ಹುಟ್ಟಾ ಕಿವುಡ ಅನ್ನಾಕತ್ತಾರಲೇ,” ಎಂದು ಅರ್ಜಿ ತುಂಬಿಸಲು ಬಂದ ದಿನ ಅವನು ಹೇಳಿದ್ದ. “ಬೀಗರ ಮನ್ಯಾಗ, ಮಗಳ ಲಗ್ನದಾಗ ಮುಚ್ಚಿಟ್ಟಾರ ಅಂತ ಮಾತು ಬಂದೈತಿ. ರೊಕ್ಕಾ ಎಷ್ಟರ ಬರ್ಲಿ. ಈ ಕಿವಿ ತೋಪಿನಿಂದ ಹೋಗ್ಯಾವು ಅಂತ ಸರ್ಕಾರದವರು ಒಂದು ಕಾಗದದಾಗ ಬರದು ಕೊಡ್ಲಿ. ಅಷ್ಟ ಸಾಕು ನನಗ.”

ಆ ಕಾಗದವೇ ಬಂದಿರಲಿಲ್ಲ. ಬಂದದ್ದು ಬೇರೆ. ಅರ್ಜಿದಾರರ ಸೇವಾವಧಿಯ ಎಲ್ಲ ವಾರ್ಷಿಕ ತಪಾಸಣೆಗಳಲ್ಲಿ ಎರಡೂ ಕಿವಿಗಳ ಶ್ರವಣ ಆರು ಮೀಟರ್ ಎಂದು ದಾಖಲಾಗಿದೆ, ಅಂದರೆ ಯಾವ ದೋಷವೂ ಇರಲಿಲ್ಲ. ಆದ್ದರಿಂದ ತಜ್ಞರಿಂದ ಹೊಸದಾಗಿ ಪರೀಕ್ಷೆ ಮಾಡಿಸಿ, ದೋಷವಿದ್ದರೆ ಅದಕ್ಕೂ ಸೇವೆಗೂ ಇರುವ ಸಂಬಂಧವನ್ನು ವಿವರಿಸಿ, ಮರುಪರಿಶೀಲನೆಯ ವೈದ್ಯಕೀಯ ಬೋರ್ಡಿಗೆ ಸಲ್ಲಿಸತಕ್ಕದ್ದು. ಕೆಳಗೆ ಆ ತಪಾಸಣೆಗಳ ಜೆರಾಕ್ಸ್ ಪ್ರತಿಗಳಿದ್ದವು. ಅವುಗಳಲ್ಲಿ ನಾಲ್ಕು ಹಾಳೆಗಳ ಮೂಲೆಯಲ್ಲಿ ನನ್ನ ಚಿಕ್ಕ ಸಹಿ ಇತ್ತು.

“ಆಗ ಸರಿ ಇದ್ದು, ಆಮ್ಯಾಲೆ ಹೋಗಿರಬೇಕು,” ಎಂದರು ಸುಬೇದಾರ್ ಸಾಹೇಬರು. ನಾನು ಹೂಂ ಎಂದೆ. ಆ ಹೂಂ ಎಂದದ್ದಕ್ಕೆ ನನ್ನ ನಾಲಿಗೆ ಕಿತ್ತು ಹಾಕಬೇಕಿತ್ತು.

ಆ ಪರೀಕ್ಷೆ ಹೇಗಿರುತ್ತದೆ ಎಂದು ಹೇಳಿಬಿಡುತ್ತೇನೆ. ವರ್ಷಕ್ಕೊಮ್ಮೆ ಎಲ್ಲರ ತಪಾಸಣೆ. ಡಾಕ್ಟರ್ ಸಾಹೇಬರು ಮೇಜಿನ ಬಳಿ ಎದೆ, ಹೊಟ್ಟೆ ನೋಡುತ್ತಿದ್ದರು. ತೂಕ, ಎತ್ತರ, ಕಣ್ಣು, ಕಿವಿ ನಮ್ಮ ಪಾಲಿಗೆ. ಜವಾನ ಗೋಡೆಗೆ ಮುಖ ಮಾಡಿ ನಿಂತು ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿಕೊಳ್ಳಬೇಕು. ನಾನು ಅವನ ಹಿಂದೆ, ಆರು ಮೀಟರ್ ದೂರದಲ್ಲಿ ಸುಣ್ಣದಿಂದ ಎಳೆದ ಗೆರೆಯ ಮೇಲೆ ನಿಂತು, ಉಸಿರು ಹೊರಗೆ ಬಿಟ್ಟು, ಉಳಿದ ಉಸಿರಿನಲ್ಲಿ ಒಂದು ಅಂಕಿ ಪಿಸುಗುಟ್ಟಬೇಕು. ಅವನು ಅದನ್ನು ತಿರುಗಿ ಹೇಳಬೇಕು. ಹೇಳದಿದ್ದರೆ ನಾನು ಒಂದೊಂದೇ ಮೀಟರ್ ಮುಂದೆ ಬರುತ್ತ, ಎಲ್ಲಿಂದ ಕೇಳಿಸಿತೋ ಆ ದೂರವನ್ನು ಬರೆಯಬೇಕು. ಇಷ್ಟೇ ಕೆಲಸ, ಇದರಲ್ಲಿ ಯಾವ ದೊಡ್ಡ ವಿದ್ಯೆಯೂ ಇಲ್ಲ.

ನಾನು ರೆಜಿಮೆಂಟಿಗೆ ಹೋದ ಮೊದಲ ವರ್ಷ, ದೊಡ್ಡ ಫೈರಿಂಗ್ ಮುಗಿಸಿ ಬಂದ ಕೆಲವು ವಾರಗಳ ಮೇಲೆ ತಪಾಸಣೆ ಬಂತು. ಹಿಂದಿನ ಸಂಜೆ ಇವನು ನನ್ನ ಬ್ಯಾರಕ್ಕಿಗೆ ಬಂದು ಕುಳಿತ. “ಕಿವ್ಯಾಗ ಗುಂಯ್ ಅನ್ನೂದು ನಿಂತಿಲ್ಲೋ. ಮುಂದಿನ ತಿಂಗಳ ಪ್ರಮೋಷನ್ ಕೋರ್ಸ್ ಐತಿ. ನಾಳೆ ಏನಾಕ್ಕೈತೋ ಏನೋ,” ಎಂದ. ಪಾಸು ಮಾಡು ಎಂದು ಕೇಳಲಿಲ್ಲ. ಅದನ್ನು ಇವತ್ತಿಗೂ ಸ್ಪಷ್ಟವಾಗಿ ನೆನಪಿಟ್ಟಿದ್ದೇನೆ, ಯಾಕೆಂದರೆ ಎಷ್ಟೋ ಸಲ ಕೇಳಿದ್ದ ಎಂದು ನಂಬಲು ಪ್ರಯತ್ನಪಟ್ಟಿದ್ದೇನೆ.

ಮರುದಿನ ಗೋಡೆಗೆ ಮುಖ ಮಾಡಿ ನಿಂತ. ಆರು ಮೀಟರಿನಿಂದ ಪಿಸುಗುಟ್ಟಿದೆ, ಸುಮ್ಮನಿದ್ದ. ಐದಕ್ಕೆ ಬಂದೆ, ಸುಮ್ಮನಿದ್ದ. ನಾಲ್ಕಕ್ಕೆ ಬಂದು ಹಿಂದಿಯಲ್ಲಿ ಹದಿನೇಳು ಎಂದಾಗ “ಸತ್ರಾ!” ಎಂದು ಕೂಗಿ ಹೇಳಿದ. ನಾನು ಸದ್ದಾಗದಂತೆ ಗೆರೆಗೆ ಹಿಂದಿರುಗಿ ಆರು ಎಂದು ಬರೆದೆ. ತಿರುಗಿ ನೋಡಿದವನ ಮುಖ ಅರಳಿತು. “ಅಷ್ಟು ದೂರದಿಂದ ಕೇಳ್ತಲ್ಲೋ! ನಾ ಸುಮ್ನ ಹೆದರಿ ಸತ್ತಿದ್ನಿ,” ಎಂದ.

ನಾಲ್ಕು ಎಂದು ಬರೆದಿದ್ದರೆ ದೊಡ್ಡ ಆಸ್ಪತ್ರೆಗೆ ಕಳಿಸಿ, ತೋಪಿನಿಂದ ದೂರ ಮಾಡಿ, ಸ್ಟೋರಿಗೋ ಬೇರೆ ಊರಿಗೋ ಹಾಕುತ್ತಿದ್ದರು. ಪ್ರಮೋಷನ್ ಹಿಂದೆ ಬೀಳುತ್ತಿತ್ತು. ಗೆಳೆಯನಿಗೆ ಉಪಕಾರ ಮಾಡಿದೆ ಎಂದುಕೊಂಡೆ. ಆ ರೆಜಿಮೆಂಟಿನಲ್ಲಿ ನನ್ನ ಜೊತೆ ನಮ್ಮ ಕಡೆಯ ಕನ್ನಡ ಮಾತಾಡುವವನು ಅವನೊಬ್ಬನೇ, ಅವನು ಹೋದರೆ ನಾನು ಒಂಟಿ ಎಂಬ ಸ್ವಾರ್ಥವೂ ಒಳಗಿತ್ತು. ಮುಂದಿನ ವರ್ಷ ಮೂರು ಮೀಟರಿಗೆ ಬಂದೆ. ಅದರ ಮುಂದಿನ ವರ್ಷ ಎರಡು. ನಾಲ್ಕನೆಯ ವರ್ಷ ಅವನ ಬೆನ್ನ ಹಿಂದೆಯೇ, ಒಂದೇ ಮೀಟರಿನಲ್ಲಿ ನಿಂತು ಪಿಸುಗುಟ್ಟಬೇಕಾಯಿತು. ನಾಲ್ಕೂ ವರ್ಷ ಬರೆದದ್ದು ಆರು. ಆಮೇಲೆ ನನಗೆ ಬೇರೆ ಕಡೆ ಪೋಸ್ಟಿಂಗ್ ಆಯಿತು.

ಇಷ್ಟನ್ನೂ ತಲೆಯಲ್ಲಿ ಹೊತ್ತುಕೊಂಡು, ಪತ್ರ ತೆಗೆದುಕೊಂಡು ನಾನು ಬ್ಯಾಡಗಿಗೆ ಹೋದೆ. ಹವಾಲ್ದಾರನ ಹೆಂಡತಿ ಪಡಸಾಲೆಯಲ್ಲಿ ಮೆಣಸಿನಕಾಯಿ ರಾಶಿಯ ಮುಂದೆ ಕುಳಿತು ತೊಟ್ಟು ಬಿಡಿಸುತ್ತಿದ್ದಳು. ಗೇಟಿನ ಕೆಲಸ ಹೋದ ಮೇಲೆ ಅವಳು ಹಿಡಿದ ಕೂಲಿ ಅದು. ಘಾಟಿಗೆ ನಾನು ಕೆಮ್ಮತೊಡಗಿದೆ, ಅವಳು ನಕ್ಕು ನೀರು ತಂದುಕೊಟ್ಟಳು.

“ಅಣ್ಣಾರ, ನಾ ಎಷ್ಟೋ ವರ್ಷ ಇವರು ನನ್ನ ಮ್ಯಾಲೆ ಸಿಟ್ಟಾಗಿ ಓ ಅನ್ನೂದಿಲ್ಲ ಅಂತ ತಿಳಕೊಂಡಿದ್ನಿರಿ,” ಎಂದಳು. “ರಜಾಕ್ಕ ಬಂದಾಗ ಮಗಳು ಹಿಂದಿಂದ ಅಪ್ಪಾ ಅಪ್ಪಾ ಅಂತ ಒದರತಿತ್ತು, ಇವರು ಹೊಳ್ಳಿ ನೋಡ್ತಿರ್ಲಿಲ್ಲ. ಮಿಲಿಟರಿಗೆ ಹೋಗಿ ಕಲ್ಲಾಗಿ ಬಂದಾರ ಅಂತ ಅತ್ತೇನ್ರಿ ನಾ.”

ಲೋಟ ಕೆಳಗಿಟ್ಟೆ. ಆಗಲೇ ಹೇಳಬೇಕಿತ್ತು, ಹೇಳಲಿಲ್ಲ. “ಇನ್ನೊಮ್ಮೆ ಪರೀಕ್ಷೆ ಮಾಡಿಸಿ ಕಳಸಬೇಕಂತ, ಏನ್ ದೊಡ್ಡದಲ್ಲ,” ಎಂದೆ ಅವನಿಗೆ. ಅವನು ನನ್ನ ತುಟಿ ನೋಡುತ್ತ ತಲೆಯಾಡಿಸಿದ.

ರಾಣೆಬೆನ್ನೂರಿನಲ್ಲಿ ನನಗೆ ಪರಿಚಯದ ಕಿವಿ ಡಾಕ್ಟರ್ ಒಬ್ಬರಿದ್ದಾರೆ. ನಮಗಿಂತ ಬಹಳ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮಾತು ಖಡಕ್ಕು. ಎರಡು ದಿನ ಮೊದಲಿನಿಂದ ಗದ್ದಲದ ಜಾಗಕ್ಕೆ ಹೋಗಬಾರದು ಎಂದು ಹೇಳಿದ್ದರು. ಅವರ ಹತ್ತಿರ ಹೋದಾಗ ಮೊದಲು ಕಿವಿಯ ಗುಗ್ಗೆ ತೆಗೆಯಬೇಕೆಂದರು. ಔಷಧಿ ಹಾಕಿ, ಒಂದು ವಾರ ಬಿಟ್ಟು, ತೆಗೆಸಿ, ಮತ್ತೆ ಹೋದೆವು. ಸದ್ದು ಬಾರದ ಸಣ್ಣ ಖೋಲಿಯಲ್ಲಿ ಕೂರಿಸಿ, ಕಿವಿಗೆ ಯಂತ್ರ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟರು. “ಕಾಕಾ, ಶಬ್ದ ಕೇಳಿದ್ರಷ್ಟ ಒತ್ತರಿ. ಕೇಳಲಿಲ್ಲಂದ್ರ ಸುಮ್ನ ಕುಂದ್ರಿ,” ಎಂದು ಮುಖ ತೋರಿಸಿ, ಬಿಡಿಸಿ ಬಿಡಿಸಿ ಹೇಳಿದರು.

ಇವನು ಸುಮ್ಮನೆ ಕೂರುವ ಪೈಕಿಯೇ? ಎದೆ ಸೆಟೆಸಿ ಕುಳಿತು ಟಕ್ ಟಕ್ ಟಕ್ ಎಂದು ಒತ್ತತೊಡಗಿದ. ಡಾಕ್ಟರು ಗಾಜಿನಾಚೆಯಿಂದ ನೋಡುತ್ತಿದ್ದವರು ಯಂತ್ರವನ್ನೇ ಬಂದ್ ಮಾಡಿದರು. ಆಗಲೂ ಒತ್ತಿದ. “ನೋಡ್ರಿ, ಬಂದ್ ಮಾಡಿದ್ರೂ ಕೇಳಾಕತ್ತೈತಿ ಇವರಿಗೆ!” ಎಂದು ನನಗೆ ತೋರಿಸಿದರು. ಹೊರಗೆ ಬಂದವನು ಹಣೆಯ ಬೆವರು ಒರೆಸಿಕೊಂಡು, “ಒಂದೂ ಬಿಟ್ಟಿಲ್ಲ ನೋಡಲೇ!” ಎಂದು ನನ್ನ ಭುಜ ತಟ್ಟಿದ.

ನಗು ಬಂತು, ಮರುಕ್ಷಣವೇ ನಿಂತಿತು. ಸೈನ್ಯದಲ್ಲಿ ಪರೀಕ್ಷೆ ಎಂದ ಮೇಲೆ ಪಾಸಾಗಬೇಕು, ಸಾಹೇಬರ ಮುಂದೆ ನಿಂತರೆ “ಠೀಕ್ ಹೈ ಸಾಬ್” ಎನ್ನಬೇಕು. ಮೈಗೆ ಹತ್ತಿದ್ದು ಬಿಡುತ್ತದೆಯೇ? ಕಿವಿ ಹೋಗಿದೆ ಎಂದು ತೋರಿಸಲೆಂದೇ ಬಂದವನು ಕಿವಿ ಚೆನ್ನಾಗಿದೆ ಎಂದು ತೋರಿಸಲು ಒದ್ದಾಡುತ್ತಿದ್ದ. ಫಲಿತಾಂಶ ನಂಬುವಂತಿಲ್ಲ ಎಂದು ಬರೆಯಬೇಕಾಗುತ್ತದೆ ಎಂದರು ಡಾಕ್ಟರು. ಹಾಗೆ ಬರೆದರೆ ಅರ್ಜಿ ಅಲ್ಲಿಗೇ ಮುಗಿಯಿತು. ಗೋಗರೆದೆ. ಉತ್ತರ ಹೇಳುವ ಅಗತ್ಯವೇ ಇಲ್ಲದ ಇನ್ನೊಂದು ಪರೀಕ್ಷೆ ಇದೆ, ಹಣೆಗೆ, ಕಿವಿಯ ಹಿಂದೆ ತಂತಿ ಅಂಟಿಸಿ, ಶಬ್ದಕ್ಕೆ ಮಿದುಳು ಏನು ಮಾಡುತ್ತದೆ ಎಂದು ಯಂತ್ರವೇ ನೋಡಿಕೊಳ್ಳುತ್ತದೆ, ಆ ಯಂತ್ರ ದಾವಣಗೆರೆಯಿಂದ ತಿಂಗಳಿಗೊಮ್ಮೆ ಬರುತ್ತದೆ ಎಂದರು.

ಮುಂದಿನ ತಿಂಗಳು ಅದೂ ಆಯಿತು. ತಂತಿ ಅಂಟಿಸಿ ಮಲಗಿಸಿದ ಐದು ನಿಮಿಷಕ್ಕೆ ಹವಾಲ್ದಾರ ಗೊರಕೆ ಹೊಡೆದ. ಎದ್ದ ಮೇಲೆ ಗುಂಡಿಯ ಪರೀಕ್ಷೆಯನ್ನೂ ಮತ್ತೊಮ್ಮೆ ಮಾಡಿದರು. ಸುಮ್ಮನೆ ಒತ್ತಿದಾಗಲೆಲ್ಲ ಡಾಕ್ಟರು ಒಳಗೆ ಹೋಗಿ ಕೈ ಹಿಡಿದು ಗದರಿಸಿದರು. ಈ ಸಲ ಎರಡೂ ಯಂತ್ರದ ಉತ್ತರ ಒಂದಕ್ಕೊಂದು ತಾಳೆಯಾಯಿತು.

ಡಾಕ್ಟರು ಗೆರೆ ಎಳೆದ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿದರು. ಗೆರೆ ಇಳಿಯುತ್ತ ಹೋಗಿ ಒಂದು ಕಡೆ ಆಳಕ್ಕೆ ಬಿದ್ದಿತ್ತು. “ಈ ತಗ್ಗು ನೋಡ್ರಿ. ಇದು ವಯಸ್ಸಿಂದಲ್ಲ, ಹುಟ್ಟಾ ಬಂದಿದ್ದೂ ಅಲ್ಲ. ಭಾರೀ ಶಬ್ದದ ಪೆಟ್ಟು. ಮೊದಲು ಇಲ್ಲಿ ಸಣ್ಣಗೆ ಶುರುವಾಗಿ, ಶಬ್ದದಾಗ ಇದ್ದಷ್ಟೂ ಅಗಲ ಆಕ್ಕೋತ ಹೋಗೇತಿ. ಆದ್ರ ದಾಖಲೆದಾಗ ವರ್ಷಾ ವರ್ಷಾ ಆರು ಮೀಟರ್ ಐತಿ. ಇದನ್ನ ಬರದವರು ಯಾರ್ರಿ?”

“ಯಾರೋ ನರ್ಸಿಂಗ್ ಅಸಿಸ್ಟೆಂಟ್ ಇರಬೇಕ್ರಿ ಮೇಡಂ,” ಎಂದೆ.

“ಅವರು ಮೊದಲನೇ ವರ್ಷನ ಖರೇ ಬರದಿದ್ರ, ಇವರನ್ನ ತೋಪಿನಿಂದ ದೂರ ಇಡ್ತಿದ್ರು. ಹೋದದ್ದು ಹೊಳ್ಳಿ ಬರೂದಿಲ್ಲ, ಖರೆ. ಆದ್ರ ಉಳಿದಿದ್ದು ಉಳೀತಿತ್ತು. ಇವತ್ತ ನಮ್ಮ ಜೋಡಿ ಕುಂತು ಆರಾಮ ಮಾತಾಡ್ತಿದ್ರು ಇವರು.”

ನಿಜ ಹೇಳುತ್ತೇನೆ, ಅಲ್ಲಿಯವರೆಗೆ ನನಗೆ ಇದ್ದದ್ದು ಕಾಗದದ ಭಯ. ಸುಳ್ಳು ಬರೆದೆ, ಈಗ ಆ ಸುಳ್ಳು ಅಡ್ಡ ಬಂತು, ಹೇಗಾದರೂ ದಾಟಿಸಬೇಕು ಎನ್ನುವ ಲೆಕ್ಕಾಚಾರ. ನಾನೇ ಅವನ ಕಿವಿ ಕಳೆದೆ ಎಂಬುದು, ವೈದ್ಯಕೀಯ ದಳದಲ್ಲಿ ಇಷ್ಟು ವರ್ಷ ಸವೆಸಿದ ನನ್ನ ತಲೆಗೆ, ಆ ಹೆಣ್ಣುಮಗಳು ಹೇಳುವ ತನಕ ಹೊಳೆದಿರಲಿಲ್ಲ. ಅಥವಾ ಹೊಳೆಯಲು ನಾನು ಬಿಟ್ಟಿರಲಿಲ್ಲ.

ಹವಾಲ್ದಾರ ಒಮ್ಮೆ ನನ್ನ ಮುಖ, ಒಮ್ಮೆ ಡಾಕ್ಟರರ ಮುಖ ನೋಡುತ್ತಿದ್ದ. ಡಾಕ್ಟರು ಹಾಳೆಯ ಕಡೆ ಬಾಗಿ ಮಾತಾಡಿದ್ದರಿಂದ ಅವನಿಗೆ ಏನೂ ಸಿಕ್ಕಿರಲಿಲ್ಲ. “ಏನಂದ್ರೋ?” ಎಂದು ನನ್ನನ್ನು ಕೇಳಿದ.

“ತೋಪಿನಿಂದನ ಹೋಗ್ಯಾವಂತ. ಕಾಗದ ಕೊಡ್ತಾರಂತ,” ಎಂದೆ. ಸುಳ್ಳಲ್ಲ. ಆದರೆ ಉಳಿದದ್ದನ್ನು ನುಂಗಿದೆ. ಅವನು ಡಾಕ್ಟರರಿಗೆ ಎರಡೂ ಕೈ ಎತ್ತಿ ಮುಗಿದ.

ಶುಕ್ರವಾರ ಅವನು ಹಾವೇರಿಗೆ ಬಂದ, ಬೋರ್ಡಿಗೆ ವಿವರಣೆ ಬರೆಯಲು. ಪರೀಕ್ಷೆಯ ವರದಿ ಕೈಯಲ್ಲಿತ್ತು. ಹಳೆಯ ದಾಖಲೆಯಲ್ಲಿ ದೋಷ ಯಾಕಿಲ್ಲ ಎನ್ನುವುದಕ್ಕೆ ಮಾತ್ರ ಉತ್ತರ ಬೇಕಿತ್ತು. ಅವನು ಯೋಚಿಸಿಕೊಂಡೇ ಬಂದಿದ್ದ.

“ನೀ ಇದ್ದಾಗ ನಾಕು ವರ್ಷ ಖರೇನ ಸರಿ ಇದ್ದು, ನನಗ ಗೊತ್ತೈತಿ. ನೀ ಹೋದ ಮ್ಯಾಲೆ ಬಂದಾಂವ ಇದ್ನಲ್ಲ, ಅಂವ ಸರಿ ನೋಡಿಲ್ಲ. ನಿಂದು ನೋಡಿ ಕಣ್ಣು ಮುಚ್ಚಿ ಬರದಾನ. ಹಂಗ ಬರಿ.”

“ಪಾಯಿಂಟ್ ಐತಿ,” ಎಂದರು ಸುಬೇದಾರ್ ಸಾಹೇಬರು. “ಅಂವ ಎಲ್ಲಿ ಅದಾನೋ ಯಾರಿಗೆ ಗೊತ್ತು. ಬರದು ಬಿಡು.”

ನಾನು ಬರೆಯತೊಡಗಿದೆ. ಹೌದು, ಬರೆದೆ. ನನ್ನ ನಂತರ ಬಂದ, ನಾನು ಒಂದು ದಿನ ಮಾತ್ರ ಕೆಲಸ ಒಪ್ಪಿಸಿ ಕೈಕುಲುಕಿದ್ದ ಆ ಮನುಷ್ಯ ಕರ್ತವ್ಯದಲ್ಲಿ ನಿರ್ಲಕ್ಷ್ಯ ತೋರಿದ ಎಂದು ಅರ್ಧ ಪುಟ ಬರೆದೆ. ಯಾವ ವರ್ಷದಿಂದ ಎಂದು ನಮೂದಿಸಬೇಕಿತ್ತು, ಅದಕ್ಕಾಗಿ ಅವನ ಮೊದಲ ಹಾಳೆಯ ಜೆರಾಕ್ಸನ್ನು ಬೆಳಕಿಗೆ ಹಿಡಿದೆ. ಕಪ್ಪಾಗಿ ಬಂದ ಪ್ರತಿ ಅದು, ಇಷ್ಟು ದಿನ ಸರಿಯಾಗಿ ನೋಡಿರಲಿಲ್ಲ. ಶ್ರವಣದ ಜಾಗದಲ್ಲಿ ಮೊದಲು ಒಂದು ಎಂದು ಬರೆದು, ಅದನ್ನು ಹೊಡೆದು, ಪಕ್ಕದಲ್ಲಿ ಆರು ಎಂದು ಬರೆದಿತ್ತು. ಹೊಡೆದದ್ದಕ್ಕೆ ಅವನ ಚಿಕ್ಕ ಸಹಿಯೂ ಇತ್ತು. ಎರಡೂ ಕಿವಿಗೆ ಹಾಗೆಯೇ.

ಪುಣ್ಯಾತ್ಮ ಸರಿಯಾಗಿಯೇ ಅಳೆದಿದ್ದ. ಅಳೆದು ಒಂದು ಮೀಟರ್ ಎಂದು ಬರೆದಿದ್ದ. ಆಮೇಲೆ ಹಿಂದಿನ ನಾಲ್ಕು ವರ್ಷದ ಹಾಳೆ ತಿರುವಿರಬೇಕು, ಇಲ್ಲವೇ ಮೇಲಿನವರು ಯಾರೋ ತಿರುವಿ, ನಾಲ್ಕು ವರ್ಷ ಆರು ಇದ್ದದ್ದು ಒಂದಾಗುವುದು ಹೇಗೆ, ನೀನೇ ತಪ್ಪು ಅಳೆದಿದ್ದೀಯ ಎಂದಿರಬೇಕು. ಹೊಸಬ, ತಿದ್ದಿದ. ನನ್ನ ಅಕ್ಷರವನ್ನು ನಂಬಿ ತನ್ನ ಕಿವಿಯನ್ನೇ ಅನುಮಾನಿಸಿದ.

ತಲೆನೋವು ಎಂದು ಸುಳ್ಳು ಹೇಳಿ ಹವಾಲ್ದಾರನನ್ನು ಬಸ್ಸಿಗೆ ಕಳಿಸಿದೆ. ಅವನು ಹೋದ ಮೇಲೆ ಸುಬೇದಾರ್ ಸಾಹೇಬರ ಮುಂದೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಏನ್ ಮಾಡಬೇಕಂತೀ ಈಗ?”

“ಅಫಿಡವಿಟ್ ಮಾಡಿಸ್ತೇನ್ರಿ. ಅಳತಿ ಖೊಟ್ಟಿ ಬರದಾಂವ ನಾನ ಅಂತ.”

“ತಲಿ ಕೆಟ್ಟೈತೇನು ನಿನಗ? ನಿನ್ನ ಪಿಂಚಣಿಗೆ ಕೈ ಹಚ್ಚಿದ್ರ? ಅದು ಹೋಗ್ಲಿ, ನೀ ಬರದ ಎಷ್ಟು ಜನರ ಫೈಲು ಮ್ಯಾಲೆ ಕುಂತಾವು. ಇಂವ ಸುಳ್ಳು ಬರಿಯಾಂವ ಅಂತ ಆದ್ರ, ಆ ಎಲ್ಲಾ ಬಡವರ ಅರ್ಜಿ ಮ್ಯಾಲೂ ಸಂಶಯ ಬರ್ತೈತಿ. ವಿಚಾರ ಮಾಡಿಯೇನು?”

ಆ ಮಾತು ನನ್ನನ್ನು ಎರಡು ದಿನ ಹಿಡಿದಿಟ್ಟಿತು. ಅದರಲ್ಲಿ ಹುರುಳಿತ್ತು, ಅದರ ಹಿಂದೆ ಅಡಗಿಕೊಳ್ಳಲು ನನಗೆ ಅನುಕೂಲವೂ ಇತ್ತು. ಆದರೆ ವಿವರಣೆ ಇಲ್ಲದೆ ಬೋರ್ಡಿಗೆ ಹೋದರೆ ‘ಸೇವೆಯಿಂದ ಉಂಟಾದದ್ದಲ್ಲ’ ಎಂಬ ಒಂದು ಸಾಲು ಬರೆದು ಕಳಿಸುತ್ತಾರೆ, ಅಂಥವನ್ನು ಬೇಕಾದಷ್ಟು ನೋಡಿದ್ದೇನೆ. ಊರಿನವರು ಅವನನ್ನು ಹುಟ್ಟಾ ಕಿವುಡ ಎನ್ನುತ್ತಲೇ ಇರುತ್ತಾರೆ. ಸೋಮವಾರ ಸಂಘಕ್ಕೆ ಹೋಗಿ, ಇನ್ನು ಮುಂದೆ ನಾನು ಯಾರ ಅರ್ಜಿಯನ್ನೂ ಬರೆಯುವುದಿಲ್ಲ, ಬಾಕಿ ಇರುವ ಫೈಲುಗಳನ್ನು ಇನ್ನೊಬ್ಬರು ಮೊದಲಿನಿಂದ ನೋಡಿ ಸಹಿ ಹಾಕಲಿ ಎಂದು ಬರೆದುಕೊಟ್ಟೆ. ಸುಬೇದಾರ್ ಸಾಹೇಬರು ಓದಿ, ಡ್ರಾಯರಿನಲ್ಲಿ ಇಟ್ಟು, “ಚಹಾ ಕುಡದು ಹೋಗು,” ಎಂದಷ್ಟೇ ಹೇಳಿದರು.

ಕೋರ್ಟಿನ ಎದುರಿನ ನೋಟರಿ ವಕೀಲರು ಅಫಿಡವಿಟ್ಟಿನಲ್ಲಿ “ಸದರಿ ಅರ್ಜಿದಾರರ ಕೋರಿಕೆಯ ಮೇರೆಗೆ” ಎಂದು ಸೇರಿಸಿದ್ದರು. ಹಾಗಿದ್ದರೆ ನಿಮ್ಮ ಮೇಲಿನ ಭಾರ ಕಡಿಮೆಯಾಗುತ್ತದೆ ಎಂದರು. ಆ ಸಾಲು ತೆಗೆಸಿ ಹೊಸದಾಗಿ ಟೈಪು ಮಾಡಿಸಿದೆ. ನಾಲ್ಕು ವರ್ಷದ ನಿಜವಾದ ಅಳತೆಗಳನ್ನು ಒಂದೊಂದಾಗಿ ಬರೆಸಿದೆ. ನನ್ನ ನಂತರ ಬಂದವನು ಹೊಡೆದು ಹಾಕಿದ ಅಂಕಿಯೇ ಸರಿಯಾದದ್ದು ಎಂದೂ ಬರೆಸಿದೆ.

ಅದನ್ನು ಕಳಿಸುವ ಮೊದಲು ಹವಾಲ್ದಾರನಿಗೆ ತೋರಿಸಿ, ಓದಿ ತಿಳಿದಿದ್ದೇನೆ ಎಂದು ಅವನ ಸಹಿಯನ್ನೂ ಪಡೆಯಬೇಕಿತ್ತು. ಮತ್ತೆ ಬ್ಯಾಡಗಿಯ ಬಸ್ಸು ಹತ್ತಿದೆ. ಮೋಟೆಬೆನ್ನೂರು ದಾಟುವವರೆಗೆ ಹೇಗೆ ಶುರು ಮಾಡಬೇಕೆಂದು ಬಾಯಿಪಾಠ ಮಾಡಿಕೊಂಡೆ. ಮನೆಯಲ್ಲಿ ಅದೇ ಪಡಸಾಲೆ, ಅದೇ ಮೆಣಸಿನಕಾಯಿ ರಾಶಿ. ಅವನೂ ಹೆಂಡತಿಯ ಜೊತೆ ತೊಟ್ಟು ಬಿಡಿಸುತ್ತ ಕುಳಿತಿದ್ದ. 

ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ಅವನ ಎದುರು ಚಾಪೆಯ ಮೇಲೆ ಕುಳಿತು, ನೆಲ ನೋಡುತ್ತ, ನಿನ್ನ ಕಿವಿಯ ಪರೀಕ್ಷೆಯನ್ನು ನಾನು ಸರಿಯಾಗಿ ಮಾಡಲಿಲ್ಲ ಎಂದು ಹೇಳತೊಡಗಿದೆ. ಎರಡು ಮಾತು ಆಗಿತ್ತೋ ಇಲ್ಲವೋ, ಅವನು ನನ್ನ ಮೊಣಕಾಲು ತಟ್ಟಿದ.

“ತಲಿ ಎತ್ತಿ ಹೇಳೋ. ಮಾರಿ ಕಾಣದಿದ್ರ ನನಗ ತಿಳಿಯೂದಿಲ್ಲ.”

ತಲೆ ಎತ್ತಿದೆ. ಅವನು ಯಾವಾಗಲೂ ನೋಡುವಂತೆ ನನ್ನ ತುಟಿಯನ್ನೇ ನೋಡುತ್ತಿದ್ದ, ಮುಖದಲ್ಲಿ ಒಂದು ಚೂರೂ ಸಂಶಯವಿರಲಿಲ್ಲ. ಗಟ್ಟಿಯಾಗಿ, ಒಂದೊಂದೇ ಶಬ್ದ ಬಿಡಿಸಿ ಹೇಳಬೇಕಾಯಿತು. ಬೇಗ ಬೇಗ ಹೇಳಿ ಮುಗಿಸುವಂತಿರಲಿಲ್ಲ.

“ನಿನಗ ಆರು ಮೀಟರಿಂದ ಕೇಳಿರ್ಲಿಲ್ಲೋ. ನಾ ಮುಂದ ಬಂದು ಬಂದು ಹೇಳ್ತಿದ್ನಿ. ಮೊದಲನೇ ವರ್ಷ ನಾಕು. ಆಮ್ಯಾಲೆ ಮೂರು, ಎರಡು. ಕಡೀ ವರ್ಷ ಬರೇ ಒಂದು, ನಿನ್ನ ಬೆನ್ನ ಹಿಂದನ ನಿಂತಿದ್ನಿ. ಬರದದ್ದು ಮಾತ್ರ ಆರು. ಮೊದಲನೇ ವರ್ಷನ ಖರೇ ಬರದಿದ್ರ ನಿನ್ನ ತೋಪಿನಿಂದ ತಗೀತಿದ್ರು, ನಿನ್ನ ಕಿವಿ ಉಳೀತಿದ್ದು. ಡಾಕ್ಟರ್ ಅವತ್ತ ಹೇಳಿದ್ದು ಇದು. ನಾ ನಿನಗ ಹೇಳಲಿಲ್ಲ.”

ಹವಾಲ್ದಾರನ ಹೆಂಡತಿಯ ಕೈ ನಿಂತಿತು. ಅವಳು ನನ್ನನ್ನು ನೋಡಿದಳು. ಅಣ್ಣಾ ಎಂದು ಕರೆದವಳ ಆ ನೋಟವನ್ನು ಇಲ್ಲಿ ಬರೆಯಲು ನನಗೆ ಧೈರ್ಯ ಸಾಲದು. ಹವಾಲ್ದಾರ ಅಫಿಡವಿಟ್ ಕೇಳಿ ತೆಗೆದುಕೊಂಡ. ಬೆರಳಿಟ್ಟು ಸಾಲು ಸಾಲಾಗಿ ಓದಿದ, ಮುಗಿಸಿ ಮತ್ತೆ ಮೊದಲಿನಿಂದ ಓದಿದ. ಮೆಣಸಿನಕಾಯಿ ಹಿಡಿದಿದ್ದ ಕೈಯನ್ನು ಲುಂಗಿಗೆ ಒರೆಸಿಕೊಂಡು ಪೆನ್ನು ಬೇಡಿದ. ಸಹಿ ಮಾಡಿ, ಕಾಗದ ನನ್ನ ಕೈಗಿಟ್ಟು, ಎದ್ದು ಹಿತ್ತಲಿಗೆ ಹೋದ. ಸ್ವಲ್ಪ ಹೊತ್ತು ಕಾದೆ. ಅವನು ತಿರುಗಿ ಬರಲಿಲ್ಲ.

ಬೋರ್ಡು ಅವನನ್ನು ಸೇನಾ ಆಸ್ಪತ್ರೆಗೆ ಕರೆಸಿತು. ನಾನು ಜೊತೆಗೆ ಹೋಗಲಿಲ್ಲ, ಸುಬೇದಾರ್ ಸಾಹೇಬರು ಹೋಗಿದ್ದರು. ನನ್ನ ಅಫಿಡವಿಟ್ಟನ್ನೂ ಹೊಡೆದ ಅಂಕಿಯಿದ್ದ ಹಾಳೆಯನ್ನೂ ಬೋರ್ಡಿನ ಅಧ್ಯಕ್ಷರು ಪಕ್ಕಪಕ್ಕ ಇಟ್ಟು ನೋಡಿದರಂತೆ. ನನಗೂ ಒಂದು ಪತ್ರ ಬಂತು, ಲಿಖಿತ ಸ್ಪಷ್ಟೀಕರಣ ಕೇಳಿ. ಕೊಟ್ಟಿದ್ದೇನೆ. ಮುಂದೇನಾಗುತ್ತದೋ ಗೊತ್ತಿಲ್ಲ, ಏನಾದರೂ ಅನುಭವಿಸುವುದು ನನ್ನ ಪಾಲಿನದು. ಹಲವು ತಿಂಗಳ ಮೇಲೆ ಹವಾಲ್ದಾರನ ಅರ್ಜಿ ಮಂಜೂರಾಯಿತು. ಶ್ರವಣದೋಷ ಸೇವೆಯಿಂದಲೇ ಉಂಟಾದದ್ದು ಎಂದು ಆ ಕಾಗದದಲ್ಲಿ ಸ್ಪಷ್ಟವಾಗಿ ಬರೆದಿತ್ತು.

ಸುಬೇದಾರ್ ಸಾಹೇಬರು ಅದನ್ನು ನನ್ನ ಕೈಗೇ ಕೊಟ್ಟರು. “ನೀನ ಕೊಟ್ಟು ಬಾ,” ಎಂದರು. ಬೇಡವೆನ್ನಲು ಬಾಯಿ ತೆರೆದೆ, ಅವರು ಬೇರೆ ಕಡೆ ನೋಡಿದರು.

ಹವಾಲ್ದಾರ ಎರಡೂ ಕಿವಿಗೆ ಹೊಸ ಯಂತ್ರ ಹಾಕಿಕೊಂಡಿದ್ದ. ಬಾಗಿಲಲ್ಲಿ ನಾನು ಕೆಮ್ಮಿದ್ದಕ್ಕೆ ತಲೆ ತಿರುಗಿಸಿದ. ಕಾಗದ ಓದಿ, ಹೆಂಡತಿಗೆ ಓದಿ ಹೇಳಿ, ಮಡಚಿ ಜೇಬಿನಲ್ಲಿಟ್ಟುಕೊಂಡ. ಅವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಒಳಗೆ ಹೋದಳು. ಈಗಲಾದರೂ ಸ್ವಲ್ಪ ಹಗುರಾದೀತು ಎಂದು ನಾನು ಆಸೆಪಟ್ಟೆ, ಮನುಷ್ಯನ ಆಸೆಗೆ ನಾಚಿಕೆ ಎಲ್ಲಿ?

“ಒಂದು ಮಾತು ಹೇಳಬೇಕಂತ ಇದ್ನಿ,” ಎಂದ ಅವನು. ದನಿಯಲ್ಲಿ ಸಿಟ್ಟಿರಲಿಲ್ಲ. “ನೀ ಹೋದ ಮ್ಯಾಲೂ ನನಗ ಕೆಲವೊಮ್ಮೆ ಸಂಶಯ ಬರತಿತ್ತು. ತೋಪಿನ ಮ್ಯಾಲೆ ನಿಂತಾಗ ಹುಕುಮು ಕೇಳತಿರ್ಲಿಲ್ಲ, ಬಾಜೂದವನ ಕೈ ನೋಡಿ ಮಾಡತಿದ್ನಿ. ಆಸ್ಪತ್ರಿಗೆ ಹೋಗಲ್ಯಾ ಅಂತ ಎಷ್ಟೋ ಸಲ ಅನಸೈತಿ. ಆವಾಗೆಲ್ಲಾ ನಿನ್ನ ನೆನಸತಿದ್ನಿ. ನಾಕು ವರ್ಷ ನೋಡ್ಯಾನ, ನಮ್ಮಾಂವ ಅದಾನ, ಖರೇನ ಕೆಟ್ಟಿದ್ರ ಹೇಳ್ತಿದ್ದ ಅಂತ ತಿಳಕೊಂಡು ಸುಮ್ನಾಗತಿದ್ನಿ.”